ಹಾಲಿ ಪಾವಲಿ

ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುತ್ತದೆ. ಆಳಂದ ತಾಲೂಕಿನ ಮಾದನಹಿಪ್ಪರಗಾದ ಸುತ್ತ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ನೆಲ ಸೀಳುತ್ತದೆ, ಒಂದು ಸೀಳು ಹೋಗಿ ಇನ್ನೊಂದನ್ನು ಕೂಡುತ್ತದೆ, ಕಡೆಗೆ ಹೊಲದ ಮೇಲೆ ಯಾರೋ ಬಲೆ ಬೀಸಿದ ಹಾಗೆ ಕಾಣುತ್ತದೆ. ನಾವು ಹುಡುಗರು ಬೋರಲು ಮಲಗಿ ಆ ಸೀಳಿನೊಳಗೆ ಕೈ ಇಳಿಬಿಡುತ್ತಿದ್ದೆವು. ಮೊಣಕೈ ದಾಟಿದರೂ ತಳ ಸಿಗುತ್ತಿರಲಿಲ್ಲ. ಮೇಲೆ ಕೆಂಡದಂಥ ಮಣ್ಣು, ಒಳಗೆ ತಂಪು. "ಕೈ ತೆಗೀರಲೇ, ಹಾವು ಚೇಳು ಇರ್ತಾವ" ಎಂದು ಮುತ್ಯಾ ಬೇವಿನ ಗಿಡದ ಕೆಳಗಿಂದಲೇ ಕೂಗುತ್ತಿದ್ದ. ಅದರೊಳಗೆ ಬಿದ್ದ ಗೋಲಿ, ಗುಂಡಿ, ಬಳಪ ಯಾವುದೂ ಹೊಳ್ಳಿ ಸಿಕ್ಕಿದ್ದಿಲ್ಲ. ಭೂಮಿ ನುಂಗಿತು ಎಂದೇ ನಾವು ತಿಳಿದಿದ್ದೆವು.

ಒಂದು ವರ್ಷ ಮುಂಗಾರಿಯ ಎರಡು ಮಳೆ ಬಿದ್ದ ಮೇಲೆ ಕುಂಟೆ ಹೊಡೆಯುತ್ತಿದ್ದಾಗ ಮಣ್ಣಿನ ಹೆಂಟೆಯ ಜೊತೆಗೆ ಸಣ್ಣದೊಂದು ಕರಿ ಬಿಲ್ಲೆ ಮೇಲೆ ಬಂತು. ನಾನು ಅಂಗಿಯ ಚುಂಗಿಗೆ ತಿಕ್ಕಿದೆ. ಮೊದಲು ಒಂದು ಮಿನಾರು ಕಂಡಿತು, ಆಮೇಲೆ ನಾಲ್ಕೂ ಕಂಡವು. ಚಾರ್ಮಿನಾರ್. ಅದರ ನಡುಬಾಗಿಲಲ್ಲಿ ಒಂದೇ ಒಂದು ಅಕ್ಷರ. ಅದು 'ಐನ್', ಉಸ್ಮಾನ್ ಎಂಬ ಹೆಸರಿನ ಮೊದಲ ಅಕ್ಷರ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಮೀರ್ ಉಸ್ಮಾನ್ ಅಲಿ ಖಾನ್ 1911ರಲ್ಲಿ ಪಟ್ಟಕ್ಕೆ ಬಂದ, ಹೈದರಾಬಾದಿನ ಕಡೆಯ ನಿಜಾಮ. ಮುತ್ಯಾ ನಾಣ್ಯವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. "ಇದು ಹಾಲಿ ಪಾವಲಿ. ಅಂಗಡಿಗಿ ಒಯ್ಯಬ್ಯಾಡ, ಈಗ ನಡಿಯಂಗಿಲ್ಲ" ಎಂದ.

ಆ ಮಾತಿನೊಳಗೊಂದು ಸೋಜಿಗ ಇದೆ ಎಂದು ಅವತ್ತು ನನಗೆ ಹೊಳೆಯಲಿಲ್ಲ. ಹಾಲಿ ಎಂದರೆ ಸದ್ಯದ್ದು, ಈಗಿನದು. ಪತ್ರಿಕೆಗಳು ಇವತ್ತಿಗೂ ಹಾಲಿ ಶಾಸಕ, ಮಾಜಿ ಶಾಸಕ ಎಂದು ಬರೆಯುತ್ತವೆ. 19ನೆಯ ಶತಮಾನದ ನಡುವಿನಿಂದ ನಿಜಾಮರ ಸೀಮೆಯಲ್ಲಿ ಓಡಾಡಿದ ಹಣಕ್ಕೆ ಹಾಲಿ ಸಿಕ್ಕಾ ಎಂದು ಹೆಸರು. ಈಗ ನಡೆಯುವ ನಾಣ್ಯ ಎಂದು ಅರ್ಥ. ನಡೆಯುವುದು ನಿಂತ ಮೇಲೂ ಅದು 'ಈಗಿನದು' ಎಂಬ ಹೆಸರನ್ನೇ ಹೊತ್ತು ಎರೆಯೊಳಗೆ ಮಲಗಿತ್ತು.

ಗಡಿಯ ಜನಕ್ಕೆ ಈ ಹಾಲಿಯ ನೆನಪು ಲೆಕ್ಕದ ನೆನಪೂ ಹೌದು. ಬ್ರಿಟಿಷರ ರೂಪಾಯಿಗೆ ಕಲ್ದಾರ್ ಎಂದು ಹೆಸರು, ಯಂತ್ರದಲ್ಲಿ ಅಚ್ಚಾದದ್ದು ಎಂಬ ಕಾರಣಕ್ಕೆ. ಏಳು ಹಾಲಿಗೆ ಆರು ಕಲ್ದಾರ್. ಆಳಂದದ ಸೀಮೆಯಿಂದ ಅಕ್ಕಲಕೋಟಕ್ಕೆ, ಸೊಲ್ಲಾಪುರದ ಗಿರಣಿಗೆ ಹೊರಟವರು ಗಡಿ ದಾಟುವಾಗ ಈ ಲೆಕ್ಕವನ್ನು ಬಾಯಲ್ಲಿ ಇಟ್ಟುಕೊಂಡೇ ಹೋಗಬೇಕಿತ್ತು. ಹೊಲ ಅದೇ, ಜೋಳ ಅದೇ, ಮಾತಿನಲ್ಲಿ ಕನ್ನಡ ಮರಾಠಿ ಎರಡೂ ಎರಡು ಕಡೆಯೂ ಇದ್ದವು. ರೊಕ್ಕ ಮಾತ್ರ ಬೇರೆ. ಹೈದರಾಬಾದು 1918ರಿಂದ ತನ್ನದೇ ಕಾಗದದ ನೋಟನ್ನೂ ಹೊರಡಿಸಿದ ಸಂಸ್ಥಾನ. 1948ರಲ್ಲಿ ಭಾರತಕ್ಕೆ ಸೇರಿದ ಮೇಲೂ ಎರಡೂ ರೂಪಾಯಿ ಕೆಲವು ಕಾಲ ಜೊತೆಜೊತೆಗೆ ನಡೆದವು. 1959ರಲ್ಲಿ ಹಾಲಿ ರದ್ದಾಯಿತು.

ಹಣ ಬದಲಾಯಿಸಿ ಕೊಡುವವನು ಸರಾಫ. ಕಲಬುರಗಿಯ ಸರಾಫ ಬಜಾರಿನಲ್ಲಿ ಈಗ ಬಂಗಾರ ಬೆಳ್ಳಿ ಮಾರುತ್ತಾರೆ, ಆದರೆ ಆ ಅರಬ್ಬಿ ಪದದ ಬೇರು 'ಸರ್ಫ್', ತಿರುಗಿಸು, ಮಾರ್ಪಡಿಸು. ಉರ್ದು ಮಾಧ್ಯಮದಲ್ಲಿ ಓದಿದ ನಮ್ಮ ಹಿರಿಯರು ವ್ಯಾಕರಣಕ್ಕೆ 'ಸರ್ಫ್ ವ ನಹ್ವ್' ಎನ್ನುತ್ತಿದ್ದರು. ಅಲ್ಲಿಯೂ ಅದೇ ಸರ್ಫ್: ಒಂದು ಧಾತು ಯಾವ ಯಾವ ರೂಪಕ್ಕೆ ತಿರುಗುತ್ತದೆ ಎಂದು ಕಲಿಸುವ ವಿದ್ಯೆ. ನಾಣ್ಯ ತಿರುಗಿಸುವವನಿಗೂ ಪದ ತಿರುಗಿಸುವ ಶಾಸ್ತ್ರಕ್ಕೂ ಒಂದೇ ಬೇರು ಎಂದು ಗೊತ್ತಾದ ದಿನ ನಾನು ಸುಮಾರು ಹೊತ್ತು ಬೇರೆ ಕೆಲಸ ಮಾಡಲಾಗದೆ ಕೂತಿದ್ದೆ.

ನಾನು ಕನ್ನಡದ ಮೇಷ್ಟ್ರು. ಮಕ್ಕಳಿಗೆ ಸಮಾನಾರ್ಥಕ ಪದ ಬರೆಸುವುದು ನನ್ನ ಕಸುಬು. ಬದಲಾವಣೆ ಎಂದು ಬರೆದು ಮುಂದೆ ಮಾರ್ಪಾಡು, ಪರಿವರ್ತನೆ, ರೂಪಾಂತರ, ವ್ಯತ್ಯಾಸ ಎಂದು ಬರೆಸಿ ಕೆಳಗೆ ಗೆರೆ ಎಳೆಸಿದ್ದೇನೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ನಿವೃತ್ತಿಯ ನಂತರ ಒಂದೊಂದೇ ಪದವನ್ನು ಆ ಪಾವಲಿಯ ಹಾಗೆ ತಿಕ್ಕಿ ನೋಡತೊಡಗಿದಾಗ, ಸಮಾನ ಎಂದು ನಾನು ಬರೆಸಿದ್ದ ಪದಗಳು ಒಂದಕ್ಕೊಂದು ಎಷ್ಟು ದೂರದ ಊರಿನವು ಎಂದು ಕಂಡಿತು.

ಬದಲಾವಣೆಯನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಅದು 'ಬದಲ್'. ಮೇಷ್ಟ್ರಿಗೆ ವರ್ಗವಾದರೆ "ಬದ್ಲಿ ಆಗ್ಯಾದ", ಗಾಳಿ ಬೇರೆ ದಿಕ್ಕಿನಿಂದ ಬೀಸಿದರೆ "ಹವಾ ಬದಲ್ ಆಗ್ಯಾದ", ಮದುವೆಯಾಗಿ ಹೋದ ತಂಗಿ ಮಾತು ಕಡಿಮೆ ಮಾಡಿದರೆ "ಬಾಳ ಬದಲ್ ಆಗ್ಯಾಳ". ಈ ಬದಲ್ ಅರಬ್ಬಿಯದು. ಪಾರಸಿ, ಉರ್ದು, ಮರಾಠಿಯ ಅಂಗಳ ಹಾದು ನಮ್ಮಲ್ಲಿಗೆ ಬಂದದ್ದು. ಮೂಲದಲ್ಲಿ ಅದರ ಅರ್ಥ ಒಂದರ ಜಾಗದಲ್ಲಿ ಇನ್ನೊಂದು. ಕೊಟ್ಟದ್ದಕ್ಕೆ ಪ್ರತಿಯಾಗಿ ಪಡೆದದ್ದು. ಆ ಹಳೆಯ ಅರ್ಥ ಕನ್ನಡದಲ್ಲಿ ಇನ್ನೂ ಜೀವಂತವಾಗಿದೆ: ಅವನ ಬದಲು ಇವನು ಬಂದ, ಅಕ್ಕಿಯ ಬದಲು ಜೋಳ ಕೊಟ್ಟರು.

ಇದೇ ಬದಲ್ ಎಂಬುದರ ಬಹುವಚನ ಅಬ್ದಾಲ್. ಸೂಫಿಗಳಲ್ಲಿ ಅಬ್ದಾಲರು ಎಂದರೆ ಯಾರ ಕಣ್ಣಿಗೂ ಬೀಳದೆ ಲೋಕವನ್ನು ಹೊತ್ತು ನಿಂತಿರುವ ಸಂತರು. ಒಬ್ಬರು ತೀರಿದರೆ ಅವರ ಜಾಗಕ್ಕೆ ದೇವರು ಇನ್ನೊಬ್ಬರನ್ನು ತರುತ್ತಾನೆ, ಎಣಿಕೆ ಕಡಿಮೆಯಾಗಗೊಡುವುದಿಲ್ಲ ಎಂಬ ನಂಬಿಕೆ. ಆಳಂದದ ಲಾಡ್ಲೆ ಮಶಾಯಕರ ದರ್ಗಾಕ್ಕೆ ಹೋದಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ. ಇತ್ತ ನಮ್ಮೂರಿನ ಶಿವಲಿಂಗೇಶ್ವರ ಮಠದಂಥ ಮಠಗಳಲ್ಲಿ ಪಟ್ಟಕ್ಕೆ ಬರುವ ಹೊಸ ಸ್ವಾಮಿಗಳಿಗೆ ಹಿರಿಯರ ಹೆಸರನ್ನೇ ಇಟ್ಟು ಮುಂದೆ 'ಅಭಿನವ' ಎಂದು ಸೇರಿಸುವ ರೂಢಿ ಇದೆ. ಅಭಿನವ ಎಂದರೆ ಹೊಸದು. ಹೊಸಬರು, ಆದರೆ ಹೆಸರು ಹಳೆಯದು. ಒಂದೇ ತಾಲೂಕಿನ ಎರಡು ಪರಂಪರೆಗಳು ಬದಲು ಎಂಬುದನ್ನು ಖಾಲಿ ಬಿಡದಿರುವುದು ಎಂದು ಅರ್ಥ ಮಾಡಿಕೊಂಡಿವೆ. ಬದಲಾವಣೆ ಎಂದೊಡನೆ ಹಳೆಯದನ್ನು ಕಿತ್ತೆಸೆಯುವುದೆಂದೇ ಭಾವಿಸುವ ಈ ಕಾಲದವರು ಆ ಅರ್ಥವನ್ನು ಒಮ್ಮೆ ಕಿವಿಗೆ ಹಾಕಿಕೊಳ್ಳಬೇಕು.

ಮಾರ್ಪಾಡಿನ ಕತೆ ಬೇರೆ. ಅದು ಅಚ್ಚ ದ್ರಾವಿಡ. ತಮಿಳಿನಲ್ಲಿ, ತೆಲುಗಿನಲ್ಲಿ 'ಮಾರು' ಎಂದರೆ ಇಂದಿಗೂ ಬದಲಾಗು. ನಮ್ಮ ಪಕ್ಕದ ತೆಲುಗರು ಬದಲಾವಣೆಗೆ 'ಮಾರ್ಪು' ಎನ್ನುತ್ತಾರೆ. ಕನ್ನಡದಲ್ಲಿ ಮಾರು ಎಂದರೆ ವಿಕ್ರಯಿಸು. ಒಂದನ್ನು ಕೊಟ್ಟು ಒಂದನ್ನು ತೆಗೆದುಕೊಳ್ಳುವ ಕಾಲದಲ್ಲಿ ಮಾರಾಟವೆಂದರೆ ಅದಲು ಬದಲೇ. ಹಣ ಬಂತು, ಅರ್ಥ ಸಂತೆಯಲ್ಲಿ ಉಳಿಯಿತು. ಆದರೂ ಹಳೆಯ ಅರ್ಥ ಸಮಾಸಗಳೊಳಗೆ ಅಡಗಿ ಕೂತಿದೆ. ಮಾರುವೇಷ, ಮಾರುತ್ತರ, ಮಾರ್ದನಿ, ಮಾರನೆಯ ದಿನ: ಮತ್ತೊಂದು ವೇಷ, ಪ್ರತಿಯಾದ ಮಾತು, ತಿರುಗಿ ಬಂದ ದನಿ, ಮತ್ತೊಂದಾದ ದಿನ. ಈ ಮಾರುವನ್ನು ಹಿಂದೆ ಶಕಟರೇಫದಿಂದ 'ಮಾಱು' ಎಂದು ಬರೆಯುತ್ತಿದ್ದರು. ಆ ಱ ಅಕ್ಷರ ರಕಾರದಲ್ಲಿ ಕರಗಿಹೋಯಿತು. ಬದಲಾಗು ಎನ್ನುವ ಪದ ತನ್ನ ಮೈಯೊಳಗಿನ ಒಂದು ಅಕ್ಷರವನ್ನೇ ಬದಲಾವಣೆಗೆ ಕೊಟ್ಟು ಬಂದಿದೆ.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಮಾರುಹೋಗು'. ಚೆಲುವಿಗೆ ಮಾರುಹೋದ, ಹಾಡಿಗೆ ಮಾರುಹೋದ ಎನ್ನುತ್ತೇವೆ. ಬೆರಗಾದವನು ಮಾರುಹೋಗುತ್ತಾನೆ. ಏನನ್ನು ಕೊಟ್ಟ, ಏನನ್ನು ಪಡೆದ? ತನ್ನನ್ನೇ ಕೊಟ್ಟ, ಕಂಡದ್ದನ್ನು ಪಡೆದ. ಎಂಟು ವರ್ಷದ ಹುಡುಗನಾಗಿ ಕುಂಟೆಯ ಹಿಂದೆ ನಿಂತು ಕರಿ ಬಿಲ್ಲೆಯನ್ನು ತಿಕ್ಕುತ್ತ ನಾಲ್ಕನೆಯ ಮಿನಾರು ಕಂಡಾಗ ಆದದ್ದು ಅದೇ ಇರಬೇಕು. ಕನ್ನಡ ಕಟ್ಟಿದ ಅನಾಮಿಕರಿಗೆ ಬೆರಗೂ ಬದಲಾಗುವುದೂ ಬೇರೆಬೇರೆಯಾಗಿ ಕಂಡಿರಲಿಲ್ಲ.

ಇನ್ನು ಪರಿವರ್ತನೆ. ಇದರ ಬೇರು ಸಂಸ್ಕೃತದ 'ವೃತ್', ತಿರುಗು, ಸುತ್ತು. ವೃತ್ತ, ವರ್ತುಲ, ಆವರ್ತ ಎಲ್ಲವೂ ಇದರ ಮಕ್ಕಳು. ದೇವರ ಮುಂದೆ ಹಚ್ಚಲು ಅವ್ವ ತೊಡೆಯ ಮೇಲೆ ಹೊಸೆಯುವ ಬತ್ತಿಯೂ 'ವರ್ತಿ'ಯ ತದ್ಭವ, ತಿರುಗಿಸಿದ್ದರಿಂದ ಬತ್ತಿ. ನಡವಳಿಕೆಗೆ ವರ್ತನೆ, ಬಾಳುವೆಯ ದಾರಿಗೆ ವೃತ್ತಿ, ಸುದ್ದಿಗೆ ವಾರ್ತೆ. ಮತ್ತು ಈಗ ಎಂಬುದಕ್ಕೆ ವರ್ತಮಾನ. ತಿರುಗುತ್ತಿರುವುದು, ಅದೇ ವರ್ತಮಾನ.

ಇಲ್ಲಿಗೆ ಬಂದಾಗ ನನಗೆ ಮುತ್ಯಾನ ಪಾವಲಿ ನೆನಪಾಯಿತು. ಹಾಲಿ ಎಂಬುದು ಅರಬ್ಬಿಯ 'ಹಾಲ್' ಎಂಬುದರಿಂದ ಬಂದದ್ದು. ಹಾಲ್ ಎಂದರೆ ಸ್ಥಿತಿ. ನಮ್ಮ ಕಡೆ "ಅವನ ಹಾಲತ್ ಕೆಟ್ಟದ" ಎನ್ನುವುದೂ ಅದೇ. ಹಾಲ್‌ನ ಬಹುವಚನ ಅಹ್ವಾಲ್, ತಹಶೀಲಿ ಕಚೇರಿಗೆ ನಾವು ಕೊಡುವ ಅಹವಾಲು. ಈ ಪದಗಳೆಲ್ಲ ಹುಟ್ಟಿದ ಧಾತುವಿನ ಅರ್ಥ ಏನೆಂದು ನೋಡಿದರೆ, ಬದಲಾಗು, ತಿರುಗು, ಒಂದರಿಂದ ಇನ್ನೊಂದಕ್ಕೆ ಸಾಗು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಹವಾಲೆಯೂ, ಹೊಣೆ ದಾಟಿಸಿಕೊಂಡ ಹವಾಲ್ದಾರನೂ ಅಲ್ಲಿಯವರೇ.

ಸಂಸ್ಕೃತಕ್ಕೂ ಅರಬ್ಬಿಗೂ ರಕ್ತಸಂಬಂಧವಿಲ್ಲ. ಭಾಷೆಗಳ ವಂಶಾವಳಿಯಲ್ಲಿ ಅವೆರಡೂ ಬೇರೆ ಬೇರೆ ಮನೆತನ. ಒಂದು ಒಂದು ದಿಕ್ಕಿನಿಂದ, ಇನ್ನೊಂದು ಇನ್ನೊಂದು ದಿಕ್ಕಿನಿಂದ ಬಂದು ನಮ್ಮ ಎರೆಸೀಮೆಯ ಕನ್ನಡದಲ್ಲಿ ಭೇಟಿಯಾದವು. ಎರಡೂ 'ಈಗ' ಎಂಬುದಕ್ಕೆ ಹೆಸರಿಡಲು ಹೋಗಿ, ಒಂದನ್ನೊಂದು ಕೇಳದೆ, ತಿರುಗುವ ಪದವನ್ನೇ ಆರಿಸಿಕೊಂಡಿವೆ. ಅಷ್ಟೇ ಅಲ್ಲ, ವರ್ತಮಾನ ಎಂದರೆ ಕನ್ನಡದಲ್ಲಿ ಸುದ್ದಿಯೂ ಹೌದು: ಊರಿನಿಂದ ವರ್ತಮಾನ ಬಂತು. ಉರ್ದು ಮಾತಾಡುವ ನೆರೆಯವರು ಕ್ಷೇಮಸಮಾಚಾರ ಕೇಳುವುದೂ 'ಹಾಲ್' ಎಂಬ ಪದದಿಂದಲೇ. ಏನು ಸುದ್ದಿ ಎಂದು ಒಬ್ಬರನ್ನೊಬ್ಬರು ಕೇಳಿದಾಗ ನಾವು ನಿಜವಾಗಿ ಕೇಳುತ್ತಿರುವುದು, ಏನು ತಿರುಗಿತು ಎಂದು. ಇದನ್ನು ಕಂಡ ಮೇಲೆ ಸ್ಥಿತಿ ಒಂದು, ಬದಲಾವಣೆ ಇನ್ನೊಂದು ಎಂದು ಎರಡು ಖಾನೆ ಮಾಡುವುದು ನನಗೆ ಕಷ್ಟವಾಗಿದೆ. ನಿಂತದ್ದು ಎಂದುಕೊಂಡದ್ದರ ಹೆಸರಿನಲ್ಲೇ ತಿರುಗಾಟ ಇದೆ.

ಯಾಸ್ಕನ ನಿರುಕ್ತದಲ್ಲಿ ಇದಕ್ಕೆ ಹತ್ತಿರದ ಒಂದು ಮಾತು ಬರುತ್ತದೆ. ಇರುವ ವಸ್ತುವಿಗೆ ಆರು ವಿಕಾರಗಳು ಎಂದು ವಾರ್ಷ್ಯಾಯಣಿ ಎಂಬ ಆಚಾರ್ಯರ ಮತವನ್ನು ಯಾಸ್ಕ ಹೇಳುತ್ತಾನೆ: ಹುಟ್ಟುವುದು, ಇರುವುದು, ಮಾರ್ಪಡುವುದು, ಬೆಳೆಯುವುದು, ಸೊರಗುವುದು, ಅಳಿಯುವುದು. ಇರುವುದನ್ನೂ ವಿಕಾರಗಳ ಪಟ್ಟಿಯಲ್ಲೇ ಎಣಿಸಿದ್ದಾರೆ ನೋಡಿ. ವಿಕಾರ ಎಂದರೆ ಅಲ್ಲಿ ಬೇರೆಯಾಗುವುದು, ಅಷ್ಟೆ. ಕನ್ನಡಕ್ಕೆ ಬರುವಷ್ಟರಲ್ಲಿ ಅದು ಕುರೂಪವಾಯಿತು, ಮುಖ ವಿಕಾರ ಮಾಡಿದ ಎನ್ನುತ್ತೇವೆ. ಬೇರೆಯಾದದ್ದು ಕಣ್ಣಿಗೆ ಹಿಡಿಸದೆ ಹೋದಾಗ ಪದಕ್ಕೂ ಅಂಥದೊಂದು ಮುಖ ಬಂದಿರಬೇಕು. ಪರಿಣಾಮವೂ ಹಾಗೆಯೇ, ಸಾಂಖ್ಯರಿಗೆ ಅದು ಹಾಲು ಮೊಸರಾಗುವ ಬಗೆ, ನಮಗೆ ಔಷಧದ ಪರಿಣಾಮ. ಪಲ್ಲಟ ಪ್ರಾಕೃತದಿಂದ ಬಂದು ಕಾವ್ಯದಲ್ಲಿ ಕೂತಿತು. ಅದರ ಒಡಹುಟ್ಟು ಹಿಂದಿ ಮರಾಠಿಯ ದಾರಿಯಿಂದ ಎರಡನೆಯ ಸಲ ಬಂದು 'ಪಲ್ಟಿ' ಆಯಿತು, ಲಾರಿ ಪಲ್ಟಿ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಕ್ರಾಂತಿಗೆ ಮೂಲದಲ್ಲಿ ಹೆಜ್ಜೆ ಇಡುವುದು ಎಂದಷ್ಟೇ ಅರ್ಥ, ಸಂಕ್ರಾಂತಿಯಲ್ಲಿ ಸೂರ್ಯ ಇಡುವ ಹೆಜ್ಜೆ ಅದೇ.

ಇಷ್ಟೆಲ್ಲ ಪುಸ್ತಕದ ಮಾತಾಯಿತು. ನಮ್ಮ ಅವ್ವನಿಗೆ ಈ ಯಾವ ಪದವೂ ಬೇಕಾಗಿರಲಿಲ್ಲ. ಅವಳಿಗೆ ಒಂದೊಂದು ವಸ್ತುವಿಗೂ ಅದರದೇ ಮಾತಿತ್ತು. ಹಾಲು ಒಡೆಯಿತು ಅಥವಾ ಹೆಪ್ಪಾಯಿತು. ಹಿಟ್ಟು ಹುಳಿ ಬಂತು. ಸೀರೆ ಮಾಸಿತು. ಗಾಯ ಮಾಯಿತು. ರೊಟ್ಟಿ ಕಟಕ ಆಯಿತು. ತೊಗರಿ ಬಲಿಯಿತು. ಜೋಳದ ತೆನೆ ಹಾಲು ತುಂಬಿ ಸೀತನಿಗೆ ಬಂತು. ಆ ನಾಲ್ಕು ದಿನ ಕಳೆದರೆ ಸೀತನಿ ಹೋಗಿ ಜೋಳವೇ ಆಯಿತು. ನೂರರ ನೋಟಿಗೆ ಚಿಲ್ಲರೆ ಬೇಕಾದರೆ "ನೋಟ್ ಮುರಿಸ್ಕೊಂಡ್ ಬಾ" ಎನ್ನುತ್ತಿದ್ದಳು. ನೋಟೂ ಅವಳ ಕೈಯಲ್ಲಿ ರೊಟ್ಟಿಯ ಹಾಗೆ ಮುರಿಯುತ್ತಿತ್ತು. ಒಡೆ, ಹೆಪ್ಪಾಗು, ಮಾಸು, ಮಾಯು, ಬಲಿ, ಮಾಗು, ಕಳಿ, ನರೆ, ಮುರಿ. ಇವುಗಳಲ್ಲಿ ಯಾವುದನ್ನು ತೆಗೆದು ಬದಲಾಗು ಎಂದು ಹಾಕಿದರೂ ಮಾತು ಬಡವಾಗುತ್ತದೆ. ಈಗಿನ ಬರಹದಲ್ಲಿ, ಭಾಷಣದಲ್ಲಿ, ಸರಕಾರದ ಕಾಗದದಲ್ಲಿ ಎಲ್ಲದಕ್ಕೂ ಬದಲಾವಣೆ ಎಂಬ ಒಂದೇ ಪದ ಬಳಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮಾಗುವುದನ್ನೂ ಕೊಳೆಯುವುದನ್ನೂ ಒಂದೇ ಹೆಸರಿನಿಂದ ಕರೆದರೆ ಎರಡರ ನಡುವಿನ ಅಂತರ ತಿಳಿಯುವುದು ಹೇಗೆ?

'ಹೊಳ್ಳಿ' ಎಂಬ ನಮ್ಮ ಪದವೊಂದಿದೆ. ಹೊಳ್ಳಿ ಬಾ, ಹೊಳ್ಳಿ ನೋಡು. ಹೊರಳಿ ಎಂಬುದೇ ಬಾಯಲ್ಲಿ ಉರುಳಿ ಉರುಳಿ ಹೊಳ್ಳಿ ಆಗಿದೆ. ತಿರುಗುವುದಕ್ಕೂ ಮತ್ತೊಮ್ಮೆ ಎಂಬುದಕ್ಕೂ ನಮ್ಮಲ್ಲಿ ಒಂದೇ ಪದ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಯಾರೂ ಹೋಗು ಎನ್ನುವುದಿಲ್ಲ, ಹೋಗಿ ಹೊಳ್ಳಿ ಬಾ ಎನ್ನುತ್ತಾರೆ.

ಊರಿನ ಹೆಸರೂ ಈ ಉರುಳಾಟದಿಂದ ತಪ್ಪಿಸಿಕೊಂಡಿಲ್ಲ. ಹಳಗನ್ನಡದ ಪಾಲು ಹಾಲಾಯಿತು, ಪೂ ಹೂವಾಯಿತು. ಪದದ ಮೊದಲಿನ ಪಕಾರ ಹಕಾರಕ್ಕೆ ಜಾಗ ಬಿಟ್ಟುಕೊಟ್ಟಿತು. ಆ ಲೆಕ್ಕದಲ್ಲಿ ನಮ್ಮ ಹಿಪ್ಪರಗಾ ಹಿಂದೊಮ್ಮೆ ಪಕಾರದಿಂದ ಶುರುವಾಗುತ್ತಿತ್ತು ಎಂದು ನನ್ನ ಊಹೆ. ವಿಜಯಪುರ ಜಿಲ್ಲೆಯಲ್ಲಿ ಅದೇ ಹೆಸರು ದೇವರ ಹಿಪ್ಪರಗಿ, ಇಕಾರದಲ್ಲಿ ಮುಗಿಯುತ್ತದೆ; ನಮ್ಮಲ್ಲಿ ಹಿಪ್ಪರಗಾ, ನಿಂಬರ್ಗಾ, ನರೋಣಾ, ಸರಸಂಬಾ. ಮರಾಠಿ, ಉರ್ದು ಬಾಯಿಗಳ ನೆರೆಯಲ್ಲಿ ಹೆಸರಿನ ಕೊನೆ ಅಗಲವಾಗಿ ತೆರೆದುಕೊಂಡಿದೆ. ನಮ್ಮದೇ ಜಿಲ್ಲೆಯ ಮಳಖೇಡದ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡವನ್ನು ಬಹುವಚನದಲ್ಲಿ ಕಂಡಿತ್ತು. ಸಾವಿರ ವರ್ಷದ ಹಿಂದೆಯೇ ಅದಕ್ಕೆ ಒಂದು ಕನ್ನಡ ಕಂಡಿರಲಿಲ್ಲ, ಕನ್ನಡಗಳು ಕಂಡಿದ್ದವು.

ನಮ್ಮ ಮುತ್ಯಾ ಹುಟ್ಟಿದ್ದು ನಿಜಾಮನ ಪ್ರಜೆಯಾಗಿ. 1948ರ ಸೆಪ್ಟೆಂಬರ್ 17ರ ನಂತರ ಅವನು ಹೈದರಾಬಾದ್ ರಾಜ್ಯದವನಾದ. 1956ರ ನವೆಂಬರ್ 1ರಂದು ಮೈಸೂರು ರಾಜ್ಯದವನಾದ. 1973ರಲ್ಲಿ ಕರ್ನಾಟಕದವನಾದ. ಇಷ್ಟೂ ಆಗುವಾಗ ಅವನು ಅದೇ ಮನೆಯ ಅದೇ ಕಟ್ಟೆಯ ಮೇಲೆ ಕೂತಿದ್ದ. ಅವನು ಹೋದ ಮೇಲೆ 2014ರಲ್ಲಿ ಗುಲಬರ್ಗಾ ಕಲಬುರಗಿಯಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. "ಸರಕಾರ ಬದಲ್ ಆಯ್ತು, ಎತ್ತಿಗಿ ಗೊತ್ತಾಗ್ಲಿಲ್ಲ" ಎಂದು ಅವನು ಹೇಳುತ್ತಿದ್ದ. ಅದು ಬೇಸರದ ಮಾತಾಗಿರಲಿಲ್ಲ. ಉರ್ದುವಿನಲ್ಲಿದ್ದ ಹೊಲದ ಕಾಗದ ಕನ್ನಡಕ್ಕೆ ಬಂದ ದಿನ ಅದನ್ನು ಓದಿಸಿಕೊಂಡು ಕೇಳಿ ಅವನು ಕಣ್ಣು ಒರೆಸಿಕೊಂಡದ್ದನ್ನು ಅವ್ವ ನನಗೆ ಹೇಳಿದ್ದಾಳೆ. ಎತ್ತಿಗೆ ತಿಳಿಯದ್ದು ಅವನಿಗೆ ತಿಳಿದಿತ್ತು.

ನಮ್ಮ ಭೀಮಾ ನದಿಯೂ ಹಾಗೆಯೇ. ಭೀಮಾಶಂಕರದಲ್ಲಿ ಹುಟ್ಟಿ ಬರುವ ಹೊಳೆ ಪಂಢರಪುರದಲ್ಲಿ ಚಂದ್ರನ ಕಲೆಯಂತೆ ಬಾಗುತ್ತದೆ; ಆ ಒಂದು ತಿರುವಿಗಾಗಿ ಅಲ್ಲಿ ಅದಕ್ಕೆ ಚಂದ್ರಭಾಗಾ ಎಂದು ಹೆಸರು. ತಿರುವು ಮುಗಿದ ಮೇಲೆ ಮತ್ತೆ ಭೀಮಾ. ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ನಮ್ಮ ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ಅದನ್ನು ಸೇರುತ್ತದೆ. ಆಮೇಲೆ ಜೇವರ್ಗಿಯ ಸೀಮೆ ಹಾದು ಕೃಷ್ಣೆಗೆ ಹೋಗುತ್ತದೆ. 2020ರ ಅಕ್ಟೋಬರಿನಲ್ಲಿ ಅದೇ ಹೊಳೆ ಅಫಜಲಪುರ, ಜೇವರ್ಗಿಯ ಊರುಗಳೊಳಗೆ ನುಗ್ಗಿದ್ದನ್ನು ಕಂಡವರು ಅದಕ್ಕೆ ಬದಲಾವಣೆ ಎನ್ನಲಿಲ್ಲ. "ಹೊಳಿ ಬಂತು" ಎಂದರು. ಬರುವುದು, ಆ ಒಂದು ಕ್ರಿಯಾಪದದಲ್ಲಿ ಎಲ್ಲ ಇತ್ತು.

ಕಡೆಗೆ ಮಣ್ಣಿನ ಮಾತು ಹೇಳಬೇಕು. ನಮ್ಮ ಎರೆ ದಖ್ಖನ್ನಿನ ಕರಿಕಲ್ಲು ಕರಗಿ ಆದದ್ದು. ಆ ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಆಗಿ ಹರಿದದ್ದು. ಈ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಸೀಳುತ್ತದೆ. ಸೀಳಿದಾಗ ಮೇಲಿನ ಪುಡಿಮಣ್ಣು ಸೀಳಿನೊಳಗೆ ಉದುರುತ್ತದೆ. ಮಳೆ ಬಿದ್ದು ಆಳದ ಮಣ್ಣು ಉಬ್ಬಿದಾಗ, ಒಳಗೆ ಜಾಗ ಸಾಲದೆ ಒಂದನ್ನೊಂದು ಒತ್ತಿ ತಳದ್ದು ಮೇಲಕ್ಕೆ ಬರುತ್ತದೆ, ಜೊತೆಗೆ ಕಲ್ಲು ಹರಳುಗಳೂ ಮೇಲೇರುತ್ತವೆ. ಎರೆ ತನ್ನನ್ನು ತಾನೇ ಉಳುತ್ತದೆ. ಹೀಗೆ ತಿರುಗುವುದನ್ನು ಕಂಡು ಮಣ್ಣಿನ ವಿಜ್ಞಾನಿಗಳು ಇದಕ್ಕೆ 'ವರ್ಟಿಸಾಲ್' ಎಂದು ಹೆಸರಿಟ್ಟರು. ಲ್ಯಾಟಿನ್ನಿನ 'ವರ್ಟೆರೆ' ಎಂದರೆ ತಿರುಗಿಸು. ಭಾಷಾಶಾಸ್ತ್ರದವರನ್ನು ಕೇಳಿದರೆ ಅದು ಸಂಸ್ಕೃತದ 'ವೃತ್' ಧಾತುವಿನ ಒಡಹುಟ್ಟು. ಪರಿವರ್ತನೆಯ, ವರ್ತಮಾನದ, ಅವ್ವ ಹೊಸೆದ ಬತ್ತಿಯ ಬಳಗದ್ದು. ನಾನು ತರಗತಿಯಲ್ಲಿ ಗೆರೆ ಎಳೆಸಿದ ಪದ ನಮ್ಮ ಹೊಲದ ಮಣ್ಣಿನ ಹೆಸರಾಗಿ ದೂರದ ಪುಸ್ತಕಗಳಲ್ಲಿ ಕೂತಿತ್ತು.

ಪಾವಲಿಯನ್ನು ಯಾರು ಯಾವಾಗ ಕಳೆದುಕೊಂಡರೋ. ಬೇಸಿಗೆಯಲ್ಲಿ ಸೆರಗಿನ ಗಂಟು ಸಡಿಲಿ ಸೀಳಿಗೆ ಜಾರಿರಬಹುದು, ಎಳ್ಳಮಾಸಿಯ ದಿನ ಸಜ್ಜಿ ರೊಟ್ಟಿ, ಭಜ್ಜಿಯ ಬುಟ್ಟಿ ಹೊತ್ತು ಬಂದ ಯಾವ ಹೆಣ್ಣುಮಗಳದೋ ಇರಬಹುದು. ನಾಲ್ಕಾಣೆ ಆಗ ಸಣ್ಣ ಹಣವಲ್ಲ, ಹುಡುಕಿರುತ್ತಾರೆ, ಅತ್ತಿರುತ್ತಾರೆ. ಮಣ್ಣು ಅದನ್ನು ಒಯ್ದು, ಎಷ್ಟೋ ಮಳೆಗಾಲ ಒತ್ತಿ ಒತ್ತಿ, ಹೊಳ್ಳಿ ಮೇಲೆ ಕೊಟ್ಟಿತು. ಕೊಡುವಷ್ಟರಲ್ಲಿ ದೊರೆ ಇರಲಿಲ್ಲ, ಸಂಸ್ಥಾನ ಇರಲಿಲ್ಲ, ಅದನ್ನು ಕಳೆದುಕೊಂಡವರೂ ಬಹುಶಃ ಇರಲಿಲ್ಲ. ಬೆಳ್ಳಿ ಇತ್ತು, ನಾಲ್ಕು ಮಿನಾರು ಇದ್ದವು, ಬಾಗಿಲಲ್ಲಿ ಒಂದು ಅಕ್ಷರ ಇತ್ತು.

ಆ ಪಾವಲಿ ಈಗ ನನ್ನ ಮೇಜಿನ ಮೇಲೆ, ನಿಘಂಟಿನ ಪಕ್ಕದಲ್ಲಿದೆ. ಆ ಹೊಲಕ್ಕೆ ಹೋದ ವರ್ಷ ಬಿಳಿಜೋಳ ಹಾಕಿದ್ದರು, ಈ ಮುಂಗಾರಿಗೆ ತೊಗರಿ ಬಿತ್ತಿದ್ದಾರೆ. ರಾಶಿ ಮುಗಿದ ಮೇಲೆ ಮೇ ತಿಂಗಳಲ್ಲಿ ಅದು ಬಾಯಿ ಬಿಡುತ್ತದೆ.